ಮಠವೂ ಶಾಲೆಯೇ, ಶಾಲೆಯೂ ಮಠವೇ

ಕನ್ನಡದಲ್ಲಿ 'ಮಠ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಸನ್ಯಾಸಿಗಳು ವಾಸಿಸುವ ಸ್ಥಾನ ಎಂಬುದು ಒಂದು. ಮಕ್ಕಳು ಅಕ್ಷರ ಕಲಿಯುವ ಸ್ಥಳ ಎಂಬುದು ಮತ್ತೊಂದು. ಸರ್ಕಾರಿ ಶಾಲೆಗಳು ಬರುವುದಕ್ಕೆ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ, ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಶಾಲೆಗೆ 'ಕೂಲಿಮಠ' ಎಂದು ಹೆಸರಿತ್ತು. ಅಲ್ಲಿ ಪಾಠ ಹೇಳುವವರನ್ನು 'ಐಗಳು' ಎಂದು ಕರೆಯುತ್ತಿದ್ದರು. ನಮ್ಮ ನೆರೆಭಾಷೆಯಾದ ತಮಿಳಿನಲ್ಲಿಯೂ ಇದೇ ಸಂಗತಿ ಬೇರೊಂದು ರೂಪದಲ್ಲಿದೆ. ಪ್ರಾಚೀನ ತಮಿಳಿನಲ್ಲಿ 'ಪಳ್ಳಿ' ಎಂದರೆ ಜೈನ, ಬೌದ್ಧ ಮುನಿಗಳ ನೆಲೆ. ಆ ಮುನಿಗಳು ಊರಿನ ಮಕ್ಕಳಿಗೆ ವಿದ್ಯೆ ಹೇಳುತ್ತಿದ್ದುದರಿಂದಲೇ ಶಾಲೆಗೆ 'ಪಳ್ಳಿ', 'ಪಳ್ಳಿಕ್ಕೂಡಂ' ಎಂಬ ಹೆಸರುಗಳು ಬಂದವೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹೀಗೆ ಧರ್ಮಪುರಿಯ ಬೀದಿಗಳಲ್ಲಿ ಕಿವಿಗೆ ಬೀಳುವ ಎರಡು ಭಾಷೆಗಳೂ ಒಂದೇ ಸತ್ಯವನ್ನು ಸಾರುತ್ತವೆ: ವಿರಾಗಿಯ ಮನೆ ಮತ್ತು ವಿದ್ಯಾರ್ಥಿಯ ಮನೆ ಮೂಲದಲ್ಲಿ ಒಂದೇ ಆಗಿದ್ದವು.

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ ಎಂದು ಅರಿಕೆ ಮಾಡಿಕೊಂಡೆ. ಅದರ ಬದಲು, ಮಠಾಧಿಪತಿಯೂ ಉಪಾಧ್ಯಾಯರೂ ವಿದ್ವಾಂಸರೂ ಆಗಿದ್ದ ಒಬ್ಬ ಮಹನೀಯರ ಬಾಳನ್ನು ನೆನೆದು, ಅದರಿಂದ ನಮ್ಮಂಥ ಗಡಿಯಾಚೆಯ ಕನ್ನಡ ಶಾಲೆ ಕಲಿಯಬೇಕಾದುದೇನು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳಲು ಇಚ್ಛಿಸುತ್ತೇನೆ. ಆ ಮಹನೀಯರು ತುಮಕೂರಿನ ಬಳಿಯ ಸಿದ್ಧಗಂಗಾ ಕ್ಷೇತ್ರದ ಡಾ. ಶ್ರೀ ಶಿವಕುಮಾರ ಸ್ವಾಮಿಗಳು. ಅವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹೆಸರು ಬಹಳ ಪ್ರಸಿದ್ಧವಾದಾಗ ಕೆಲಸ ಮರೆತುಹೋಗುವ ಅಪಾಯವಿರುತ್ತದೆ.

ತಗಡೂರಿನ ನೆನಪು

ಸಿದ್ಧಗಂಗೆಗೆ ಹೋಗುವ ಮೊದಲು ನಮ್ಮ ಊರಿನ ಮಣ್ಣನ್ನೇ ಒಮ್ಮೆ ನೋಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ನೊಳಂಬ ದೊರೆ ಮಹೇಂದ್ರನ ಆಳ್ವಿಕೆಯಿತ್ತು. ಆ ಕಾಲಕ್ಕೆ ಸೇರಿದ ಕನ್ನಡ ಶಾಸನವೊಂದು ಧರ್ಮಪುರಿಯಲ್ಲಿ ದೊರೆತಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ತಗಡೂರಿನಲ್ಲಿ ಒಂದು ಬಸದಿಯನ್ನು ಕಟ್ಟಿಸಿದರೆಂದೂ, ದೊರೆಯಿಂದ ಪಡೆದ ಒಂದು ಹಳ್ಳಿಯನ್ನು ಆ ಬಸದಿಯ ಸಲುವಾಗಿ ಸೇನಾನ್ವಯದ ಕನಕಸೇನ ಸಿದ್ಧಾಂತ ಭಟಾರರ ಕೈಗೆ ಒಪ್ಪಿಸಲಾಯಿತೆಂದೂ ಅದು ಹೇಳುತ್ತದೆ. 'ಸಿದ್ಧಾಂತ' ಎಂಬುದು ಶಾಸ್ತ್ರವನ್ನು ಅರಿತವರಿಗೆ ಸಲ್ಲುತ್ತಿದ್ದ ಬಿರುದು. ಅವರ ಗುರುಗಳ ಹೆಸರನ್ನೂ ಶಾಸನ ಮರೆಯದೆ ದಾಖಲಿಸಿದೆ. ಎಂದರೆ, ಸಾವಿರದ ನೂರು ವರ್ಷಗಳಿಗೂ ಹಿಂದೆ ಈ ಊರಿನಲ್ಲಿ ಗುರುಶಿಷ್ಯ ಪರಂಪರೆಯ ಒಬ್ಬ ಪಂಡಿತ ಮುನಿ ಇದ್ದರು. ಅವರಿಗೆ ಕೊಟ್ಟ ದಾನವನ್ನು ಊರಿನವರು ಕನ್ನಡದಲ್ಲಿ ಕಲ್ಲಿಗೆ ಬರೆಸಿದರು. ಧರ್ಮಪುರಿಯಲ್ಲಿ ಕನ್ನಡಕ್ಕೇನು ಕೆಲಸ ಎಂದು ಕೇಳುವವರಿಗೆ ಬೇರೆ ಉತ್ತರ ಬೇಕಾಗಿಲ್ಲ. ಅದೇ ಮಣ್ಣಿನಲ್ಲಿ ತಮಿಳಿನ ಅದಿಯಮಾನನೂ ಔವೈಯಾರ್ ಅಮ್ಮನವರೂ ಬಾಳಿದರೆಂಬುದು ನಮಗೆ ಅಷ್ಟೇ ಹೆಮ್ಮೆಯ ವಿಷಯ.

ದೂರದ ಪಶ್ಚಿಮದಲ್ಲಿಯೂ ಮಠವೇ ಶಾಲೆಯಾಗಿದ್ದ ಕಾಲವೊಂದಿತ್ತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದನು. ಪ್ರಾರ್ಥನೆಗೆ ಇಷ್ಟು ಹೊತ್ತು, ಮೈಮುರಿದು ದುಡಿಯುವುದಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಎಂದು ದಿನವನ್ನು ಹಂಚಿದನು. ಮಠದ ಪಾತ್ರೆ ಪಗಡಗಳನ್ನೂ ಉಪಕರಣಗಳನ್ನೂ ಪೂಜಾಪಾತ್ರೆಗಳಷ್ಟೇ ಗೌರವದಿಂದ ಕಾಣಬೇಕೆಂದು ವಿಧಿಸಿದನು. ಕಾಯಕವನ್ನು ಪೂಜೆಯೆಂದು ತಿಳಿದ ಶರಣರ ನಾಡಿನವರಾದ ನಮಗೆ ಇದು ಅಪರಿಚಿತ ಭಾವನೆಯಲ್ಲ. ಆ ಪರಂಪರೆ ತನ್ನವರೆಂದು ಗೌರವಿಸುವ ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ ಏಳನೆಯ ವಯಸ್ಸಿಗೆ ಮಠ ಸೇರಿ, ಬದುಕಿಡೀ ಓದುತ್ತ, ಬರೆಯುತ್ತ, ಪಾಠ ಹೇಳುತ್ತ 735ರಲ್ಲಿ ತೀರಿಕೊಂಡರು. ಅವರ ದೊಡ್ಡ ಗ್ರಂಥಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿವೆ. ಆದರೆ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ ಅವರು ಯೋಹಾನನ ಸುವಾರ್ತೆಯನ್ನು ತಮ್ಮ ಜನರ ಆಡುಮಾತಿಗೆ ಅನುವಾದ ಮಾಡಿ ಹೇಳುತ್ತ ಬರೆಸುತ್ತಿದ್ದರೆಂದು ಅವರ ಶಿಷ್ಯನೊಬ್ಬ ದಾಖಲಿಸಿದ್ದಾನೆ. ಇಂದು ಲೋಕವನ್ನೇ ಆಳುತ್ತಿರುವಂತೆ ಕಾಣುವ ಇಂಗ್ಲಿಷ್ ಭಾಷೆ ಅಂದು ಹಳ್ಳಿಗರ ಮಾತಾಗಿತ್ತು. ಅದನ್ನೂ ಒಬ್ಬ ಮಠದ ಮೇಷ್ಟರು ಕೈಹಿಡಿದು ನಡೆಸಿದರು ಎಂಬುದನ್ನು ನಮ್ಮ ಇಂಗ್ಲಿಷ್ ಮಾಧ್ಯಮದ ಪೋಷಕರು ನೆನಪಿಡಬೇಕು.

ಶಿವಣ್ಣನಿಂದ ಶಿವಕುಮಾರ ಸ್ವಾಮಿಗಳವರೆಗೆ

ಮಾಗಡಿ ತಾಲ್ಲೂಕಿನ ವೀರಾಪುರ ಒಂದು ಸಣ್ಣ ಹಳ್ಳಿ. ಅಲ್ಲಿನ ಒಕ್ಕಲು ಮನೆತನದ ಹೊನ್ನೇಗೌಡರು ಮತ್ತು ಗಂಗಮ್ಮನವರ ಹದಿಮೂರು ಮಕ್ಕಳಲ್ಲಿ ಕೊನೆಯವನಾಗಿ 1907ರ ಏಪ್ರಿಲ್ 1ರಂದು ಶಿವಣ್ಣ ಜನಿಸಿದನು. ಎಂಟನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡನು. ನಾಗವಲ್ಲಿಯಲ್ಲಿ ಮಾಧ್ಯಮಿಕ ಶಿಕ್ಷಣ ಪಡೆದು, 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಈ ವಿದ್ಯಾರ್ಥಿ ದೆಸೆಯಲ್ಲಿ ಕೆಲಕಾಲ ಸಿದ್ಧಗಂಗಾ ಮಠದಲ್ಲಿಯೇ ಇದ್ದು, ಮಠದ ಅನ್ನ ಉಂಡು ಓದಿದನು. ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಗಣಿತ, ಭೌತಶಾಸ್ತ್ರಗಳನ್ನು ಐಚ್ಛಿಕ ವಿಷಯಗಳನ್ನಾಗಿ ಆರಿಸಿಕೊಂಡ ಆ ತರುಣನ ಮುಂದೆ ಸರ್ಕಾರಿ ನೌಕರಿಯ ಹೆದ್ದಾರಿ ತೆರೆದಿತ್ತು.

ಆಗ ಮಠದ ಅಧ್ಯಕ್ಷರಾಗಿದ್ದವರು ಉದ್ದಾನ ಶಿವಯೋಗಿಗಳು. ಅವರ ಉತ್ತರಾಧಿಕಾರಿಗಳಾಗಬೇಕಿದ್ದ ಮರುಳಾರಾಧ್ಯರು 1930ರ ಜನವರಿಯಲ್ಲಿ ಅಕಾಲಿಕವಾಗಿ ಲಿಂಗೈಕ್ಯರಾದರು. ಅವರು ಶಿವಣ್ಣನವರ ಸ್ನೇಹಿತರೂ ಆಗಿದ್ದರು. ಉದ್ದಾನ ಶಿವಯೋಗಿಗಳ ಕಣ್ಣು ಶಿವಣ್ಣನವರ ಮೇಲೆ ಬಿತ್ತು. 1930ರ ಮಾರ್ಚ್ 3ರಂದು ಅವರಿಗೆ ವಿರಕ್ತಾಶ್ರಮದ ದೀಕ್ಷೆಯಾಯಿತು. ಕಾಲೇಜಿನ ಶಿವಣ್ಣ ಶ್ರೀ ಶಿವಕುಮಾರ ಸ್ವಾಮಿಗಳಾದರು. ಪದವಿ ಪೂರ್ಣವಾಗಲಿಲ್ಲ. ಮುಂದೆ 1965ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿ ತನ್ನನ್ನೇ ಗೌರವಿಸಿಕೊಂಡಿತು. 1941ರ ಜನವರಿಯಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದಾಗ ಮಠದ ಸಂಪೂರ್ಣ ಹೊಣೆ ಶಿವಕುಮಾರ ಸ್ವಾಮಿಗಳ ಹೆಗಲೇರಿತು. ಆ ಹೊಣೆಯನ್ನು ಅವರು 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಶಿವೈಕ್ಯರಾಗುವವರೆಗೆ, ಎಪ್ಪತ್ತೆಂಟು ವರ್ಷ ಹೊತ್ತರು. ಕಾವಿಯುಟ್ಟು ಕಳೆದ ಕಾಲವನ್ನು ಲೆಕ್ಕ ಹಾಕಿದರೆ ಎಂಬತ್ತೆಂಟು ವರ್ಷಕ್ಕೂ ಮೀರುತ್ತದೆ.

ಉದ್ದಾನ ಶಿವಯೋಗಿಗಳ ಕಾಲದಲ್ಲಿಯೇ ಮಠದಲ್ಲಿ ಸಂಸ್ಕೃತ ಪಾಠಶಾಲೆಯಿತ್ತು, ಊಟ ವಸತಿಗಳಿದ್ದವು. ಶಿವಕುಮಾರ ಸ್ವಾಮಿಗಳು ಅದನ್ನು ಬೆಳೆಸಿದ ಬಗೆ ಅಸಾಧಾರಣವಾದುದು. ಪ್ರಾಥಮಿಕ ಶಾಲೆಯಿಂದ ಹಿಡಿದು 1963ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನವರೆಗೆ ನೂರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಮಠದ ಆಶ್ರಯದಲ್ಲಿ ಬೆಳೆದವು. ಅವರ ಕೊನೆಯ ವರ್ಷಗಳಲ್ಲಿ ಮಠದ ವಸತಿಶಾಲೆಯಲ್ಲಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಐದಾರು ವರ್ಷದ ಹಸುಳೆಗಳಿಂದ ಹಿಡಿದು ಹದಿನಾರರ ಹರೆಯದವರವರೆಗೆ, ಜಾತಿ ಮತಗಳನ್ನು ಕೇಳದೆ, ಎಲ್ಲರಿಗೂ ಅನ್ನ, ಅಕ್ಷರ, ಆಶ್ರಯ ಉಚಿತವಾಗಿ ದೊರೆಯಿತು. ಇದನ್ನೇ ಜನ 'ತ್ರಿವಿಧ ದಾಸೋಹ' ಎಂದು ಕರೆದರು. ಮಠದ ಅಡಿಗೆಮನೆಯ ಒಲೆ ಆರುವುದಿಲ್ಲವೆಂಬ ಮಾತು ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿತು.

ಮೇಷ್ಟರ ಕಣ್ಣಿನಿಂದ ನೋಡಿದಾಗ

ಜೀವನವಿಡೀ ಶಾಲೆಯ ಗಂಟೆಯ ಸದ್ದಿಗೆ ಎದ್ದು ಕುಳಿತ ನನ್ನಂಥವನಿಗೆ ಈ ಬಾಳಿನಲ್ಲಿ ಬೆರಗು ಹುಟ್ಟಿಸುವುದು ಸಂಸ್ಥೆಗಳ ಸಂಖ್ಯೆಯಾಗಲಿ, ಕಟ್ಟಡಗಳ ಗಾತ್ರವಾಗಲಿ ಅಲ್ಲ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ದಿನಕ್ಕೆ ನಲವತ್ತು ಬಗೆಯ ತಾಪತ್ರಯ. ಒಬ್ಬನಿಗೆ ಜ್ವರ, ಒಬ್ಬನಿಗೆ ಕಜ್ಜಿ, ಒಬ್ಬನ ಬಳಪ ಕಳೆದಿದೆ, ಒಬ್ಬನಿಗೆ ಅಮ್ಮನ ನೆನಪಾಗಿ ಮೂಲೆಯಲ್ಲಿ ಬಿಕ್ಕುತ್ತಾನೆ. ಇದನ್ನು ಸಾವಿರಗಳ ಲೆಕ್ಕದಲ್ಲಿ ಗುಣಿಸಿ, ಅದಕ್ಕೆ ಮೂರು ಹೊತ್ತಿನ ಊಟವನ್ನೂ ರಾತ್ರಿಯ ಕಾವಲನ್ನೂ ಸೇರಿಸಿ, ಅಂಥ ದಿನಗಳನ್ನು ರಜೆಯಿಲ್ಲದೆ ಎಂಟು ದಶಕ ನಡೆಸಿದರೆ ಆಗುವ ಮೊತ್ತವೇ ಶಿವಕುಮಾರ ಸ್ವಾಮಿಗಳ ಜೀವನ. ಬೆಳಗಿನ ಜಾವ, ಇತರರು ಏಳುವುದಕ್ಕೆ ಬಹಳ ಮುಂಚೆ, ಎದ್ದು ಇಷ್ಟಲಿಂಗ ಪೂಜೆ ಮುಗಿಸುತ್ತಿದ್ದರು. ಮಕ್ಕಳ ಸಾಮೂಹಿಕ ಪ್ರಾರ್ಥನೆ ಬಯಲಿನಲ್ಲಿ ಬೆಳಗೂ ಸಂಜೆಯೂ ನಡೆಯುತ್ತಿತ್ತು. ಅಲ್ಲಿ ಅವರು ಇರುತ್ತಿದ್ದರು. ಭಕ್ತರ ಅಹವಾಲು, ಮಠದ ಪತ್ರವ್ಯವಹಾರ, ಹೊಲದ ಕೆಲಸ, ಅಡಿಗೆಮನೆಯ ದಾಸ್ತಾನು ಎಲ್ಲದರ ಮೇಲೂ ಅವರ ಕಣ್ಣಿರುತ್ತಿತ್ತು.

ಅಷ್ಟು ಮಕ್ಕಳಿಗೆ ಅನ್ನ ಎಲ್ಲಿಂದ ಬಂತು? ಇದು ಮುಖ್ಯವಾದ ಪ್ರಶ್ನೆ. ಸರ್ಕಾರದ ನೆರವೂ ದೊಡ್ಡ ದಾನಿಗಳ ಕೊಡುಗೆಯೂ ಅನಂತರ ಬಂದವು. ಬುನಾದಿಯಾದದ್ದು ಜೋಳಿಗೆ. ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ರೈತರ ಮನೆಬಾಗಿಲಲ್ಲಿ ನಿಂತರು. ಸುಗ್ಗಿ ಮುಗಿದಾಗ ರಾಗಿ, ಅವರೆ, ತೊಗರಿ, ತೆಂಗು ಎಂದು ತಮ್ಮ ಹೊಲದಲ್ಲಿ ಬೆಳೆದುದರಲ್ಲಿ ಒಂದು ಪಾಲನ್ನು ಮಠಕ್ಕೆ ತಂದು ಸುರಿಯುವುದು ರೈತರಿಗೆ ವಾಡಿಕೆಯಾಯಿತು. ಆ ರಾಗಿಯೇ ಮುದ್ದೆಯಾಗಿ ಮಕ್ಕಳ ತಟ್ಟೆ ಸೇರಿತು. ಕೊಟ್ಟ ರೈತನ ಮಗನೂ, ಕೊಡಲು ಏನೂ ಇಲ್ಲದ ಕೂಲಿಯವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ರೈತನು ತನ್ನ ಧಾನ್ಯ ಹೋದ ಶಾಲೆಯನ್ನು ತನ್ನದೆಂದು ಭಾವಿಸುತ್ತಾನೆ. ಹಣ ಮಾತ್ರ ಬಂದ ಶಾಲೆಗೆ ಈ ಬಂಧ ಹುಟ್ಟುವುದು ಕಷ್ಟ. ಮಠದ ಜಾತ್ರೆಯ ಕಾಲದಲ್ಲಿ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನು ಏರ್ಪಡಿಸಿ, ಆ ರೈತನಿಗೂ ಹೊಸ ವಿದ್ಯೆಯನ್ನು ತೋರಿಸಿದ್ದು ಆ ಋಣವನ್ನು ತೀರಿಸಿದ ಬಗೆ.

ಅವರು ವಿದ್ವಾಂಸರೇ ಎಂದು ಕೆಲವರು ಕೇಳುವುದುಂಟು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲಿಯೂ ಅವರಿಗೆ ಪ್ರಭುತ್ವವಿತ್ತು. ಶರಣರ ವಚನಗಳ ಮೇಲಿನ ಅವರ ಪ್ರವಚನಗಳನ್ನು ಕೇಳಿದವರು ಅಪಾರ. ಆದರೆ ಪಾಂಡಿತ್ಯಕ್ಕೆ ಎರಡು ದಾರಿಗಳಿವೆ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು (1949–2018) ಪುಸ್ತಕ ಪ್ರಕಟಣೆಯನ್ನೇ ಮಠದ ಕಾಯಕವನ್ನಾಗಿಸಿ, ಗೋಕಾಕ್ ಚಳವಳಿಯಲ್ಲಿ ಕನ್ನಡದ ಪರವಾಗಿ ನಿಂತರು. ಅದು ಒಂದು ದಾರಿ. ತಾನು ಕಲಿತುದನ್ನು ಬರೆದಿಡುವುದಕ್ಕಿಂತ ಕಲಿಯುವವರನ್ನು ಸಿದ್ಧಪಡಿಸುವುದರಲ್ಲಿಯೇ ವೆಚ್ಚಮಾಡುವುದು ಇನ್ನೊಂದು. ಶಿವಕುಮಾರ ಸ್ವಾಮಿಗಳು ಈ ಎರಡನೆಯ ದಾರಿಯವರು. ಮೇಷ್ಟರಾದ ನಾವೆಲ್ಲ ಆ ದಾರಿಯ ಸಣ್ಣ ಪಯಣಿಗರು. ನಮ್ಮ ಹೆಸರಿನ ಪುಸ್ತಕಗಳು ಗ್ರಂಥಾಲಯದಲ್ಲಿರುವುದಿಲ್ಲ. ಗ್ರಂಥಾಲಯಕ್ಕೆ ಹೋಗಿ ಓದುವವರು ಇರುತ್ತಾರೆ.

ಅವರು ಶಿವೈಕ್ಯರಾದ ದಿನದ ಒಂದು ಸಂಗತಿ ಪತ್ರಿಕೆಗಳಲ್ಲಿ ಬಂದಿತು. ತಾವು ಹೋದ ಸುದ್ದಿಯನ್ನು ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ತಿಳಿಸಬೇಕೆಂದು ಅವರು ಮೊದಲೇ ಹೇಳಿದ್ದರಂತೆ, ಹಾಗೆಯೇ ನಡೆಯಿತಂತೆ. ಸುದ್ದಿ ಕೇಳಿದ ಮಗು ತಟ್ಟೆ ಬಿಟ್ಟು ಏಳುತ್ತದೆಂಬುದು ಅವರಿಗೆ ಗೊತ್ತಿತ್ತು. ಅವರ ಬಾಳಿನ ಬಗ್ಗೆ ನೂರು ಪುಟ ಬರೆದರೂ ಇದಕ್ಕಿಂತ ಹೆಚ್ಚು ಹೇಳಲಾಗದು.

ಕೇಳಿಬರುವ ಆಕ್ಷೇಪಗಳು

ಮಠಗಳೆಂದರೆ ಜಾತಿಯ ಕೋಟೆಗಳು, ರಾಜಕಾರಣಿಗಳ ಯಾತ್ರಾಸ್ಥಳಗಳು ಎಂಬ ಟೀಕೆ ಇದೆ. ಇದನ್ನು ಸುಮ್ಮನೆ ತಳ್ಳಿಹಾಕುವವನು ನಾನಲ್ಲ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಸಿದ್ಧಗಂಗೆಯ ಮೆಟ್ಟಿಲು ಹತ್ತಿದ್ದನ್ನು ನಾವು ಪತ್ರಿಕೆಗಳಲ್ಲಿ ನೋಡಿದ್ದೇವೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. ಭಾರತ ರತ್ನ ನೀಡಬೇಕೆಂಬ ಬೇಡಿಕೆ ಅವರ ಜೀವಿತ ಕಾಲದಲ್ಲಿಯೂ ಅನಂತರವೂ ಕೇಳಿಬಂದಿತು. ಪ್ರಶಸ್ತಿ ಕೊಡುವುದು ಸರ್ಕಾರಕ್ಕೆ ಸೇರಿದ ವಿಷಯ. ನನ್ನ ಅಭಿಪ್ರಾಯದಲ್ಲಿ, ಪ್ರಶಸ್ತಿಗಾಗಿ ಮನವಿಪತ್ರಕ್ಕೆ ಸಹಿಹಾಕುವವರು ತಮ್ಮ ಊರಿನ ಒಂದು ಬಡಮಗುವಿನ ಓದಿನ ಹೊಣೆ ಹೊತ್ತರೆ ಅದು ಅವರಿಗೆ ಹೆಚ್ಚು ಒಪ್ಪುವ ಗೌರವ. ಮಠವೊಂದನ್ನು ಅದರ ವೇದಿಕೆಯ ಮೇಲೆ ಕುಳಿತವರಿಂದ ಅಳೆಯಬಾರದು, ಪಂಕ್ತಿಯಲ್ಲಿ ಕುಳಿತವರಿಂದ ಅಳೆಯಬೇಕು. ಆ ಪಂಕ್ತಿಯಲ್ಲಿ ಎಲ್ಲ ಜಾತಿಯ, ಎಲ್ಲ ಮತದ ಮಕ್ಕಳೂ ಕುಳಿತಿದ್ದರು.

ಎರಡನೆಯ ಆಕ್ಷೇಪ ನಮ್ಮ ಸ್ಥಿತಿಗೆ ಸಂಬಂಧಿಸಿದುದು. ಅವರು ಕನ್ನಡ ನಾಡಿನ ನಡುವೆ ಇದ್ದರು. ಸುತ್ತಲೂ ಭಕ್ತಸಮೂಹವಿತ್ತು, ಸರ್ಕಾರ ಹಿಂದೆ ನಿಂತಿತ್ತು. ತಮಿಳುನಾಡಿನಲ್ಲಿರುವ ಒಂದು ಸಣ್ಣ ಕನ್ನಡ ಶಾಲೆಗೆ ಆ ಹೋಲಿಕೆ ಹೊಂದುವುದೇ ಎಂದು ಗೆಳೆಯರೊಬ್ಬರು ಕೇಳಿದರು. 1930ರಲ್ಲಿ ದೀಕ್ಷೆ ಪಡೆದ ತರುಣನಿಗೆ ಈ ಯಾವ ಬಲವೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಅನ್ನವಿಟ್ಟರೆ ಮಕ್ಕಳು ಶಾಲೆಗೆ ಬರುತ್ತಾರೆಂಬ ಸತ್ಯವನ್ನು ನಾವು ಬಾಳುತ್ತಿರುವ ತಮಿಳುನಾಡೇ ದೇಶಕ್ಕೆ ತೋರಿಸಿಕೊಟ್ಟಿದೆ. 1950ರ ದಶಕದಲ್ಲಿ ಕಾಮರಾಜರು ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು; 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. 2022ರಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. ಸಿದ್ಧಗಂಗೆಯ ಪಂಕ್ತಿಯನ್ನೂ ನಮ್ಮ ಶಾಲೆಗಳ ಸತ್ತುಣವು ಕೂಟವನ್ನೂ ನಡೆಸುವ ತಿಳಿವಳಿಕೆ ಒಂದೇ: ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆ: ಕನ್ನಡ ಓದಿದರೆ ಪ್ರಯೋಜನವೇನು? ಕನ್ನಡ ಮಾಧ್ಯಮದಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿ, ತಮಿಳನ್ನು ಬೀದಿಯಲ್ಲಿ ಕಲಿತು, ಇಂಗ್ಲಿಷನ್ನು ಪಾಠ ಹೇಳುತ್ತ ಕಲಿತ ನನಗೆ ಈ ಪ್ರಶ್ನೆ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಗಣಿತ ಓದಿದ ಸ್ವಾಮಿಗಳು ಇಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿದರು, ಸಂಸ್ಕೃತ ಪಾಠಶಾಲೆಯನ್ನೂ ನಡೆಸಿದರು, ಮಕ್ಕಳಿಗೆ ಕನ್ನಡದಲ್ಲಿ ಬುದ್ಧಿ ಹೇಳಿದರು. ಒಂದು ಭಾಷೆ ಬಂದರೆ ಇನ್ನೊಂದು ಹೋಗಬೇಕೆಂಬ ನಿಯಮ ಅವರಿಗೆ ಗೊತ್ತಿರಲಿಲ್ಲ. ತಮಿಳನ್ನು ಚೆನ್ನಾಗಿ ಕಲಿಯಬೇಕು. ಅದು ನಮಗೆ ಅನ್ನವಿತ್ತ ನಾಡಿನ ಭಾಷೆ. ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕು. ಅದು ದೂರದೂರಿನ ಬಾಗಿಲು. ಕನ್ನಡವನ್ನು ಕಲಿಯಬೇಕು, ಅದು ಅಜ್ಜಿ ಮೊಮ್ಮಗಳೊಡನೆ ಆಡುವ ಮಾತು.

ನಮ್ಮ ಇಂದಿನ ಸ್ಥಿತಿ

ಈಗ ನಮ್ಮತ್ತ ತಿರುಗೋಣ. ಸೇಲಂ, ಧರ್ಮಪುರಿ ಸೀಮೆಯಲ್ಲಿ ಕನ್ನಡ ಮನೆಮಾತಾದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಮಗ್ಗದ ಸದ್ದಿನ ನಡುವೆ ಕನ್ನಡವಾಡುವ ದೇವಾಂಗರಿದ್ದಾರೆ. ಒಕ್ಕಲಿಗರು, ಲಿಂಗಾಯತರು, ಕುರುಬರು ಇದ್ದಾರೆ. ನಮ್ಮ ಹಳ್ಳಿಗಳಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಹರಕೆ ಹೊತ್ತು ಹೋಗುವವರು ಇಂದಿಗೂ ಇದ್ದಾರೆ. ಮಹದೇಶ್ವರನು ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ದೇವರ ಗುಡ್ಡರು ಹಾಡುವುದು ಕನ್ನಡದಲ್ಲಿ. ಅದನ್ನು ಕೇಳಿ ಕಣ್ಣೊರೆಸಿಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ. ಆದರೆ ಬೆಟ್ಟದಲ್ಲಿ ಕನ್ನಡದ ಫಲಕವನ್ನು ಓದಬೇಕಾಗಿ ಬಂದಾಗ ನಮ್ಮ ಮಕ್ಕಳು ಅಕ್ಕಪಕ್ಕದವರ ಮುಖ ನೋಡುತ್ತಾರೆ. ಮನೆಯಲ್ಲಿ ಮಾತು ಕನ್ನಡ, ಕೈಬರಹ ತಮಿಳು, ಆಸೆ ಇಂಗ್ಲಿಷ್. ಅಕ್ಷರವಿಲ್ಲದ ಮಾತು ಮೂರನೆಯ ತಲೆಮಾರಿಗೆ ತೆಳ್ಳಗಾಗುತ್ತದೆ; ನಾಲ್ಕನೆಯದಕ್ಕೆ ಮದುವೆ ಮುಂಜಿಗಳಲ್ಲಿ ಆಡುವ ನಾಲ್ಕು ಪದವಾಗಿ ಉಳಿಯುತ್ತದೆ.

ಕಾನೂನು ನಮ್ಮ ಪರವಾಗಿ ಇಲ್ಲವೆಂದಲ್ಲ. ಭಾಷಾ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯಗಳು ಅನುಕೂಲ ಕಲ್ಪಿಸಬೇಕೆಂದು 350-ಎ ವಿಧಿ ಹೇಳುತ್ತದೆ. 2006ರಲ್ಲಿ ಬಂದ ತಮಿಳು ಕಲಿಕೆಯ ಕಾಯಿದೆಯಂತೆ ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹತ್ತನೆಯ ತರಗತಿಯನ್ನು ಮುಟ್ಟಿದಾಗ, ಅಲ್ಪಸಂಖ್ಯಾತ ಭಾಷೆಯ ಶಾಲೆಗಳು ನ್ಯಾಯಾಲಯದ ಮೆಟ್ಟಿಲು ಹತ್ತಿ ವಿನಾಯಿತಿ ಪಡೆಯಬೇಕಾಯಿತು. ಆ ಹೋರಾಟ ಅಗತ್ಯವಾಗಿತ್ತು. ಆದರೆ ನ್ಯಾಯಾಲಯ ಹಕ್ಕನ್ನು ಕೊಡಬಲ್ಲುದು, ಮಕ್ಕಳನ್ನು ಕೊಡಲಾರದು. ನಮ್ಮ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದು ಯಾರದೋ ಆದೇಶದಿಂದಲ್ಲ. ಕನ್ನಡ ಶಾಲೆ ಉಳಿಯಬೇಕೆಂದು ವೇದಿಕೆಯ ಮೇಲೆ ಹೇಳುವ ನಾವು ನಮ್ಮ ಮೊಮ್ಮಕ್ಕಳನ್ನು ಬೇರೆ ಶಾಲೆಯ ಹಳದಿ ಬಸ್ಸಿಗೆ ಹತ್ತಿಸುತ್ತಿದ್ದೇವೆ.

ಮಾಡಬಹುದಾದ ಕೆಲಸ

ಆದುದರಿಂದ ಹಳೆಯ ವಿದ್ಯಾರ್ಥಿಗಳ ಮುಂದೆ, ವಿಶೇಷವಾಗಿ ಬೆಂಗಳೂರು, ಹೊಸೂರು, ಚೆನ್ನೈಗಳಲ್ಲಿ ನೆಲೆ ಕಂಡುಕೊಂಡ ನನ್ನ ಶಿಷ್ಯರ ಮುಂದೆ, ಮೂರು ಸಲಹೆಗಳನ್ನಿಡುತ್ತೇನೆ. ಇವು ಸಿದ್ಧಗಂಗೆಯ ತ್ರಿವಿಧ ದಾಸೋಹದ ಪುಟ್ಟ ರೂಪಗಳು.

ಮೊದಲನೆಯದು ಅಕ್ಷರ. ಬೇರೆ ಮಾಧ್ಯಮದಲ್ಲಿ ಓದುವ ಕನ್ನಡ ಮನೆಗಳ ಮಕ್ಕಳಿಗಾಗಿ ಶನಿವಾರ, ಭಾನುವಾರಗಳಂದು ನಮ್ಮ ಶಾಲೆಯ ಜಗಲಿಯಲ್ಲಿ ಎರಡು ಗಂಟೆಯ ಕನ್ನಡ ತರಗತಿ ನಡೆಯಲಿ. ಅ ಆ ಇ ಈಯಿಂದ ಆರಂಭಿಸಿ, ಒಂದು ವರ್ಷದಲ್ಲಿ ಮಗು ಮದುವೆಯ ಕರೆಯೋಲೆಯನ್ನೂ ದಿನಪತ್ರಿಕೆಯ ತಲೆಬರಹವನ್ನೂ ಓದುವಂತಾಗಬೇಕು. ನಿವೃತ್ತ ಉಪಾಧ್ಯಾಯರು ಐದಾರು ಮಂದಿ ಇದ್ದೇವೆ; ಮಂಡಿ ನೋವಿದ್ದರೂ ಧ್ವನಿ ಇನ್ನೂ ಗಟ್ಟಿಯಾಗಿದೆ. ಅಕ್ಷರ ಮರೆತ ತಾಯಂದಿರೂ ಮಗುವಿನ ಪಕ್ಕದಲ್ಲಿ ಕುಳಿತು ತಿದ್ದಬಹುದು.

ಎರಡನೆಯದು ಅನ್ನ. ಧರ್ಮಪುರಿ ರಾಗಿಯ ಸೀಮೆ. ನಾವು ಮುದ್ದೆ ಎನ್ನುವುದನ್ನು ನೆರೆಮನೆಯವರು ಕಳಿ ಎನ್ನುತ್ತಾರೆ, ತಟ್ಟೆಯಲ್ಲಿರುವುದು ಒಂದೇ. ಮಧ್ಯಾಹ್ನದ ಊಟವನ್ನು ಸರ್ಕಾರ ನೋಡಿಕೊಳ್ಳುತ್ತದೆ. ಸಂಜೆ ಓದಲು ಉಳಿಯುವ ಮಕ್ಕಳಿಗೆ ಒಂದು ಹಿಡಿ ಗುಗ್ಗರಿ, ಒಂದು ಲೋಟ ರಾಗಿ ಅಂಬಲಿ ಕೊಡುವುದನ್ನು ಊರಿನ ಮನೆಗಳು ಸರದಿಯ ಮೇಲೆ ವಹಿಸಿಕೊಳ್ಳಲಿ. ಸುಗ್ಗಿಯ ನಂತರ ಪ್ರತಿ ಮನೆಯಿಂದ ಒಂದು ಪಡಿ ರಾಗಿ ಶಾಲೆಗೆ ಬರಲಿ. ಒಂದು ಪಡಿ ರಾಗಿ ಕೊಟ್ಟ ಮನೆಯವರು ಶಾಲೆಯ ಬಾಗಿಲು ಮುಚ್ಚುವುದನ್ನು ನೋಡುತ್ತ ಸುಮ್ಮನೆ ಕೂರುವುದಿಲ್ಲ.

ಮೂರನೆಯದು ಆಶ್ರಯ. ಪೆಣ್ಣಾಗರದ ಆಚೆಯ ಕಾಡಂಚಿನ ಹಳ್ಳಿಗಳಲ್ಲಿ, ಡೆಂಕಣಿಕೋಟೆಯ ಬೆಟ್ಟದ ಊರುಗಳಲ್ಲಿ ಕನ್ನಡವಾಡುವ ಮಕ್ಕಳಿದ್ದಾರೆ. ದಿನವೂ ಬಂದುಹೋಗುವಷ್ಟು ಹತ್ತಿರದಲ್ಲಿ ಅವರ ಊರುಗಳಿಲ್ಲ. ಶಾಲೆಯ ಬಳಿ ಒಂದು ಬಾಡಿಗೆ ಮನೆ, ಇಪ್ಪತ್ತು ಮಕ್ಕಳು, ಅಡಿಗೆಗೆ ಒಬ್ಬರು, ರಾತ್ರಿ ಮಕ್ಕಳ ಜೊತೆಯಲ್ಲಿ ಮಲಗುವ ಒಬ್ಬ ಉಪಾಧ್ಯಾಯ. ಇಷ್ಟರಿಂದ ಆರಂಭಿಸಬಹುದು. ಸುವರ್ಣ ಮಹೋತ್ಸವದ ಸ್ಮಾರಕವಾಗಿ ಕಮಾನು ಕಟ್ಟಿಸಬೇಕೆಂಬ ಮಾತು ಸಭೆಯಲ್ಲಿ ಬಂದಿದೆ. ಕಮಾನಿನ ಹಣದಲ್ಲಿ ಈ ಮನೆಯ ಎರಡು ವರ್ಷದ ಬಾಡಿಗೆ ಸಂದಾಯವಾಗುತ್ತದೆ. ಕಮಾನಿನ ಕೆಳಗೆ ಹಾದುಹೋಗಲು ಮಕ್ಕಳಿರಬೇಕು ಎಂಬುದನ್ನು ಸಮಿತಿಯವರು ದಯವಿಟ್ಟು ಪರಿಗಣಿಸಬೇಕು.

ಈ ಮೂರಕ್ಕೂ ಬೇಕಾದುದು ಒಂದಿದೆ: ಬಿಟ್ಟುಹೋಗದೆ ನಿಲ್ಲುವ ಒಬ್ಬ ಮನುಷ್ಯ. ಮಠಕ್ಕೆ ಸ್ವಾಮಿಗಳು ಹೇಗೋ ಶಾಲೆಗೆ ಮೇಷ್ಟರು ಹಾಗೆ. ಕಾವಿ ಉಡಬೇಕಾಗಿಲ್ಲ, ಮನೆ ಮಾರು ತೊರೆಯಬೇಕಾಗಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬ ತರುಣನೋ ತರುಣಿಯೋ ಕನ್ನಡದಲ್ಲಿ ಶಿಕ್ಷಕ ತರಬೇತಿ ಪಡೆದು, ಈ ಶಾಲೆಯಲ್ಲಿ ಇಪ್ಪತ್ತು ವರ್ಷ ಇರುತ್ತೇನೆಂದು ಮನಸ್ಸು ಮಾಡಿದರೆ, ಅವರ ಸಂಬಳದ ಕೊರತೆಯನ್ನು ತುಂಬುವ ಭಾರವನ್ನು ಉಳಿದವರು ಹೊರಬೇಕು. ಒಂದೊಂದು ವರ್ಷದ ತಂಡದವರು ಒಂದೊಂದು ತಿಂಗಳನ್ನು ವಹಿಸಿಕೊಂಡರೆ ಯಾರಿಗೂ ಹೊರೆಯಾಗದು. ಅದೇ ನಮ್ಮ ಜೋಳಿಗೆ.

ನಿಧಿಯಣ್ಣ, ಚಂಡಿಯಣ್ಣರ ಬಸದಿಯ ದಾನ ಕಲ್ಲಿನ ಮೇಲಿನ ಅಕ್ಷರದಲ್ಲಿ ಇಂದಿಗೂ ಉಳಿದಿದೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಉತ್ತರಾಧಿಕಾರಿಗಳಾದ ಶ್ರೀ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಮಕ್ಕಳ ಪಂಕ್ತಿ ಮುಂದುವರಿದಿದೆ. ನಮ್ಮ ಶಾಲೆಯ ಅರ್ಧ ಶತಮಾನ ಮುಗಿದಿದೆ. ಇನ್ನು ಐವತ್ತು ವರ್ಷದ ಬಳಿಕ ಹೊರಬರುವ ಶತಮಾನೋತ್ಸವ ಸಂಚಿಕೆಯನ್ನು ಈ ಊರಿನಲ್ಲಿ ಕನ್ನಡದಲ್ಲಿ ಓದಬಲ್ಲವರು ಎಷ್ಟು ಮಂದಿ ಇರುತ್ತಾರೆಂಬುದು ಈ ವರ್ಷ ಒಂದನೆಯ ತರಗತಿಗೆ ನಾವು ಎಷ್ಟು ಮಕ್ಕಳನ್ನು ಕರೆತರುತ್ತೇವೆಂಬುದನ್ನು ಅವಲಂಬಿಸಿದೆ. ಜೂನ್ ತಿಂಗಳು ದೂರವಿಲ್ಲ. ಈ ಲೇಖನ ಓದಿದ ಪ್ರತಿಯೊಬ್ಬರೂ ಒಂದೊಂದು ಮನೆಗೆ ಹೋಗಿ, ಒಂದೊಂದು ಮಗುವಿನ ಹೆಸರನ್ನು ಕೇಳಿ ಬರಲಿ ಎಂದು ಪ್ರಾರ್ಥಿಸುತ್ತೇನೆ.